ಪಾದ್ರಿಯ ಹುಂಡಿ

ಹೋದ ವರ್ಷ ಮೇ ತಿಂಗಳಲ್ಲಿ ನಾವು ಎರಡು ಸಂಸಾರ ಸೇರಿಕೊಂಡು ಹೈದರಾಬಾದಿನಿಂದ ಮಂಗಳೂರಿಗೆ ಕಾರಿನಲ್ಲಿ ಹೊರಟಿದ್ದೆವು. ನನ್ನ ಜೊತೆಗಿದ್ದವರು ನಮ್ಮ ಬ್ಯಾಂಕಿನವರೇ, ಮಂಗಳೂರಿನವರು, ಅಲೋಶಿಯಸ್ ಕಾಲೇಜಿನಲ್ಲಿ ಓದಿದವರು. ಆ ಮಾತನ್ನು ದಿನಕ್ಕೆ ಒಮ್ಮೆಯಾದರೂ ನೆನಪಿಸದೆ ಬಿಡುವವರಲ್ಲ. ದಾರಿಯಲ್ಲಿ ಹಾಸನ ನಮ್ಮೂರು. ಒಂದು ರಾತ್ರಿ ಉಳಿದು, ಬೆಳಿಗ್ಗೆ ಎಲ್ಲರನ್ನೂ ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದೆ.

ಶೆಟ್ಟಿಹಳ್ಳಿ ಚರ್ಚು ನಮ್ಮ ಕಡೆಯವರಿಗೆ ಗೊತ್ತು. ಉಳಿದವರಿಗೆ ಒಂದು ಮಾತು: ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ನಿಂತಿರುವ ಹಾಳು ಚರ್ಚು ಅದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನಡೆದುಕೊಂಡು ಒಳಗೆ ಹೋಗಬಹುದು. ನಾನು ಎಸ್ಸೆಸ್ಸೆಲ್ಸಿ ಓದುವಾಗ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆವು. ಆಗ ಫೋಟೋ ತೆಗೆಯುವವರ ಕಾಟ ಇರಲಿಲ್ಲ. "ದೊಡ್ಡ ಸ್ವಾಮಿಯವರು ಕಟ್ಟಿಸಿದ್ದು" ಎಂದು ಊರಿನವರು ಹೇಳುತ್ತಿದ್ದರು. ದೊಡ್ಡ ಸ್ವಾಮಿಯವರು ಎಂದರೆ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಆದರೆ ಅವರು ಇಂಡಿಯಾ ಬಿಟ್ಟು ಹೋದದ್ದು 1823ರಲ್ಲಿ, ಈ ಚರ್ಚು ಎದ್ದದ್ದು 1860ರ ದಶಕದಲ್ಲಿ. ಕಟ್ಟಿಸಿದ್ದು ಅವರ ನಂತರ ಬಂದ ಫ್ರೆಂಚ್ ಪಾದ್ರಿಗಳು. ಊರಿನ ನೆನಪು ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಜಮಾ ಮಾಡಿಬಿಟ್ಟಿದೆ, ಅಷ್ಟೆ.

ಮಂಗಳೂರಿನ ಗೆಳೆಯರು ಗೋಡೆಯ ನೆರಳಿನಲ್ಲಿ ನಿಂತು ಒಂದು ಪ್ರಶ್ನೆ ಕೇಳಿದರು. "ಅಲ್ಲ ಮಾರಾಯ್ರೆ, ನಮ್ಮಲ್ಲಿ ಕಾಲೇಜು ಕಟ್ಟಿದ್ದು ಜೆಸ್ವಿಟರು, ಅವರು ಬಂದದ್ದು ಇಟಲಿಯಿಂದ. ನಿಮ್ಮ ಹಾಸನಕ್ಕೆ ಫ್ರೆಂಚರು ಎಲ್ಲಿಂದ ಬಂದ್ರು? ಮೈಸೂರು ಸೀಮೆಗೂ ಮೊದಲು ಬಂದದ್ದು ಜೆಸ್ವಿಟರೇ ಅಲ್ವಾ?"

ಹೌದು. ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಎಂಬ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದದ್ದು 1648ರಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ. ಅಲ್ಲಿಂದ ನೂರು ವರ್ಷ ಮೈಸೂರು ಮಿಷನ್ ಅವರ ಕೈಯಲ್ಲೇ ಇತ್ತು. ಆಮೇಲೆ ಜೆಸ್ವಿಟರ ಹೆಸರೇ ಮಾಯ. ಮತ್ತೆ ಅವರು ಮಂಗಳೂರಿಗೆ ಬಂದು ಇಳಿದದ್ದು 1878ರ ಡಿಸೆಂಬರ್ ಕೊನೆಯ ದಿನ. ನಡುವೆ ಇರುವ ನೂರು ವರ್ಷದ ಖಾಲಿ ಜಾಗದ ಕಥೆಯಲ್ಲಿ ಸಕ್ಕರೆ ಇದೆ, ಹಡಗು ಇದೆ, ವಾಯಿದೆ ಹುಂಡಿ ಇದೆ. ಮೂವತ್ತು ಚಿಲ್ಲರೆ ವರ್ಷ ಸಾಲದ ಫೈಲು ನೋಡಿದವನಿಗೆ ಅದು ಹೇಳಿ ಮಾಡಿಸಿದ ಕಥೆ. ಕಾರಿನಲ್ಲಿ ಸಕಲೇಶಪುರ ದಾಟುವ ತನಕ ಅದನ್ನೇ ಹೇಳಿದೆ. ಹೆಂಗಸರು ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಇಲ್ಲಿ ಇನ್ನೊಮ್ಮೆ ಹೇಳುತ್ತೇನೆ.

ಯೇಸು ಸಭೆ, ಅಂದರೆ ಜೆಸ್ವಿಟರ ಸಂಘ, ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಎಲ್ಲಕ್ಕಿಂತ ದೊಡ್ಡ ಶಿಕ್ಷಣ ಸಂಸ್ಥೆ. ಫ್ರಾನ್ಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಕಾಲೇಜುಗಳು. ಪಾಠಕ್ಕೆ ಫೀಸು ತೆಗೆದುಕೊಳ್ಳಬಾರದು ಎಂಬುದು ಅವರ ನಿಯಮ, ದಾನಿಗಳು ಬಿಟ್ಟುಹೋದ ದತ್ತಿಯಿಂದ ಕಾಲೇಜು ನಡೆಯಬೇಕು. ಆಮೇಲೆ ಪಾದ್ರಿಗಳನ್ನು ಹಿಗ್ಗಾಮುಗ್ಗಾ ಬೈದ ವಾಲ್ಟೇರ್ ಕೂಡ ಓದಿದ್ದು ಪ್ಯಾರಿಸ್ಸಿನಲ್ಲಿದ್ದ ಅವರ ಲೂಯಿ ಲ ಗ್ರಾಂ ಕಾಲೇಜಿನಲ್ಲೇ.

ಇಷ್ಟು ದೊಡ್ಡ ಸಂಸ್ಥೆ ಮುಳುಗಿದ್ದು ಪ್ಯಾರಿಸ್ಸಿನಲ್ಲೂ ಅಲ್ಲ, ರೋಮಿನಲ್ಲೂ ಅಲ್ಲ, ವೆಸ್ಟ್ ಇಂಡೀಸ್ ಕಡೆಯ ಮಾರ್ಟಿನಿಕ್ ಎಂಬ ಪುಟ್ಟ ದ್ವೀಪದಲ್ಲಿ. ಅದು ಫ್ರೆಂಚರ ಸಕ್ಕರೆ ವಸಾಹತು. ಅಲ್ಲಿದ್ದ ಜೆಸ್ವಿಟ್ ಮಿಷನ್ ಸಾಲದಲ್ಲಿತ್ತು. 1740ರ ದಶಕದಲ್ಲಿ ಅಲ್ಲಿಗೆ ಬಂದ ಆಂತ್ವಾನ್ ಲಾವಾಲೆಟ್ ಎಂಬ ಪಾದ್ರಿಗೆ ಲೆಕ್ಕಪತ್ರದ ಜವಾಬ್ದಾರಿ ಬಿತ್ತು. ಹುಟ್ಟಿದ್ದು 1708ರಲ್ಲಿ. ಚುರುಕು ಮನುಷ್ಯ, ಕೆಲಸಗಾರ, ಮಾತು ಬಲ್ಲವನು. ನಮ್ಮ ಹೆಡ್ಡಾಫೀಸಿನವರಿಗೆ ಇಷ್ಟವಾಗುವ ಜಾತಿಯ ಬ್ರಾಂಚ್ ಮ್ಯಾನೇಜರ್. ಸಾಲ ತೀರಿಸುತ್ತೇನೆ ಎಂದು ಹೊರಟ. ಮಿಷನ್ನಿನ ಜಮೀನು ವಿಸ್ತರಿಸಿದ, ಪಕ್ಕದ ಡೊಮಿನಿಕಾ ದ್ವೀಪದಲ್ಲೂ ಭೂಮಿ ಕೊಂಡ, ಕಬ್ಬು ಕಾಫಿ ಬೆಳೆಸಲು ಆಫ್ರಿಕಾದಿಂದ ಹಿಡಿದು ತಂದ ಗುಲಾಮರನ್ನು ಕೊಂಡ.

ಇದು ಒಂದು ಕಡೆ. ಆತನ ನಿಜವಾದ ಕೈಚಳಕ ಇದ್ದದ್ದು ಹಣ ವಿನಿಮಯದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಹೈದರಾಬಾದಿನ ಹಳಬರಿಗಾದರೆ ಬೇಗ ಅರ್ಥವಾಗುತ್ತದೆ. ನಿಜಾಮರ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ, ಬ್ರಿಟಿಷ್ ಸೀಮೆಯ ರೂಪಾಯಿಗೆ ಇಲ್ಲಿ ಕಲ್ದಾರ್ ಎಂದು ಹೆಸರು. ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಕೊಡಬೇಕು. ರಾಯಚೂರಿನವರು ಬಳ್ಳಾರಿಗೆ ಹೋದರೆ, ಕಲಬುರ್ಗಿಯವರು ಸೊಲ್ಲಾಪುರಕ್ಕೆ ಹೋದರೆ, ದುಡ್ಡು ಬದಲಾಯಿಸಿಕೊಳ್ಳಲೇಬೇಕಿತ್ತು. ಆ ಕಾಲ ಕಂಡ ಬೀದರ್ ಕಡೆಯ ಹಿರಿಯರೊಬ್ಬರು ಕಾಚಿಗುಡದ ಒಂದು ಕನ್ನಡ ಕಾರ್ಯಕ್ರಮದಲ್ಲಿ ಸಿಕ್ಕಾಗ, ಈ ಆಣೆ ಪೈ ಲೆಕ್ಕವನ್ನು ಮಗ್ಗಿಯ ಹಾಗೆ ಒಪ್ಪಿಸಿದ್ದರು.

ಮಾರ್ಟಿನಿಕ್ಕಿನಲ್ಲೂ ಹಾಗೆಯೇ. ಅಲ್ಲಿನ ನಾಣ್ಯಕ್ಕೂ ಫ್ರಾನ್ಸಿನ ನಾಣ್ಯಕ್ಕೂ ಹೆಸರು ಒಂದೇ, ಲೀವ್ರ್. ಆದರೆ ದ್ವೀಪದ ಲೀವ್ರಿಗೆ ಫ್ರಾನ್ಸಿನಲ್ಲಿ ಮೂರರಲ್ಲಿ ಎರಡು ಪಾಲು ಬೆಲೆ. ಅಲ್ಲಿ 9,000 ಲೀವ್ರ್ ಗಳಿಸಿದ ತೋಟದ ಸಾಹುಕಾರ ಅದನ್ನು ಊರಿಗೆ ಕಳಿಸಿದರೆ ಕೈಗೆ ಸಿಗುವುದು 6,000. ಲಾವಾಲೆಟ್ ಏನು ಮಾಡಿದ? "ಆ 9,000 ನನಗೆ ಕೊಡಿ. ಫ್ರಾನ್ಸಿನಲ್ಲಿ ನಿಮಗೆ ಪೂರ್ತಿ 9,000 ಸಿಗುತ್ತದೆ. ಆದರೆ ಈಗಲೇ ಅಲ್ಲ, ಎರಡೂವರೆ ವರ್ಷ ಬಿಟ್ಟು" ಎಂದು ವಾಯಿದೆ ಹುಂಡಿ ಬರೆದುಕೊಟ್ಟ. ನಮ್ಮ ಬೇಗಂ ಬಜಾರಿನ ಸಾಹುಕಾರರು ತಲೆತಲಾಂತರ ಬರೆದದ್ದೂ ಇಂಥದ್ದೇ ಹುಂಡಿ. ಕನ್ನಡದಲ್ಲಿ ಗುಡಿಯ ಕಾಣಿಕೆ ಡಬ್ಬಕ್ಕೂ ಅದೇ ಹೆಸರು. ಲಾವಾಲೆಟ್ಟನ ಮಟ್ಟಿಗೆ ಎರಡರ ನಡುವೆ ವ್ಯತ್ಯಾಸವೇ ಉಳಿಯಲಿಲ್ಲ.

ಜನ ಮುಗಿಬಿದ್ದರು. ಲೆಕ್ಕ ಹಾಕಿ ನೋಡಿ. 6,000 ಎರಡೂವರೆ ವರ್ಷದಲ್ಲಿ 9,000 ಆಗಬೇಕಾದರೆ ವರ್ಷಕ್ಕೆ ಚಕ್ರಬಡ್ಡಿ ಹದಿನೇಳೂವರೆ ಪರ್ಸೆಂಟ್. ಅದನ್ನು ಕೊಡುತ್ತಿರುವವನು ನಿಲುವಂಗಿ ತೊಟ್ಟ ಪಾದ್ರಿ, ಹಿಂದೆ ಇರುವುದು ಜಗತ್ತಿನ ತುಂಬ ಕಾಲೇಜು ನಡೆಸುವ ಸಂಘ. ಬೇರೆ ಯಾವ ಜಾಮೀನು ಬೇಕು? ಲಾವಾಲೆಟ್ ಮಾತ್ರ ಆ ದುಡ್ಡನ್ನು ಸುಮ್ಮನೆ ಇಟ್ಟುಕೊಳ್ಳಲಿಲ್ಲ. ಸಕ್ಕರೆ, ಕಾಫಿ, ನೀಲಿ ಕೊಂಡು ಹಡಗಿಗೆ ತುಂಬಿಸಿದ, ಯುರೋಪಿನಲ್ಲಿ ಮಾರಿಸಿ ಚಿನ್ನದ ನಾಣ್ಯ ತರಿಸಿದ. ಆ ಚಿನ್ನಕ್ಕೆ ದ್ವೀಪದಲ್ಲಿ ಹೆಚ್ಚು ಬೆಲೆ. ಮತ್ತೆ ಸಕ್ಕರೆ, ಮತ್ತೆ ಹಡಗು. ಎರಡೂವರೆ ವರ್ಷದಲ್ಲಿ ದುಡ್ಡು ಎಷ್ಟು ಸುತ್ತು ಹೊಡೆಯುತ್ತದೋ ಅಷ್ಟು ಲಾಭ. ಹುಂಡಿಯ ವಾಯಿದೆ ಬರುವಷ್ಟರಲ್ಲಿ ಅಸಲು ಬಡ್ಡಿ ಎರಡೂ ಕೈಯಲ್ಲಿ.

ಈ ಯೋಜನೆ ಮೋಸದ್ದೇ ಎಂದು ನಾನು ಹೇಳಲಾರೆ. ಹಡಗುಗಳು ಸುರಕ್ಷಿತವಾಗಿ ದಡ ಸೇರುವಷ್ಟು ದಿನ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪು ಬೇರೆ. ಚರ್ಚಿನ ಕಾನೂನಿನ ಪ್ರಕಾರ ಪಾದ್ರಿ ತನ್ನ ಮಠದ ಜಮೀನಿನ ಬೆಳೆ ಮಾರಬಹುದು, ಆದರೆ ಲಾಭಕ್ಕಾಗಿ ಕೊಂಡು ಮಾರುವ ವ್ಯಾಪಾರ ಮಾಡುವಂತಿಲ್ಲ. ದೂರು ಹೋಯಿತು. 1753ರಲ್ಲಿ ಅವನನ್ನು ಫ್ರಾನ್ಸಿಗೆ ಕರೆಸಿಕೊಂಡರು. ವಿಚಾರಣೆಯಲ್ಲಿ ಅವನು ಹೇಳಿದ್ದು, "ನಾನು ಮಾರುತ್ತಿರುವುದು ನಮ್ಮ ತೋಟದ ಬೆಳೆ" ಎಂದು. ಅರ್ಧ ಸತ್ಯ. ಮೇಲಿನವರು ಒಪ್ಪಿಕೊಂಡರು. 1755ರಲ್ಲಿ ಅವನು ಮಾರ್ಟಿನಿಕ್ಕಿಗೆ ವಾಪಸ್ಸು ಬಂದ. ಬಂದದ್ದು ಬರೀ ಲೆಕ್ಕ ನೋಡುವವನಾಗಿ ಅಲ್ಲ, ಆ ಸೀಮೆಯ ಮಿಷನ್ನುಗಳ ಮುಖ್ಯಸ್ಥನಾಗಿ!

ಅದೇ 1755ರ ಕೊನೆಗೆ ಬ್ರಿಟಿಷ್ ನೌಕಾಪಡೆ, ಇನ್ನೂ ಯುದ್ಧ ಘೋಷಣೆಯಾಗುವ ಮೊದಲೇ, ಸುಮಾರು 300 ಫ್ರೆಂಚ್ ವ್ಯಾಪಾರಿ ಹಡಗುಗಳನ್ನು ಹಿಡಿದುಹಾಕಿತು. ಲಾವಾಲೆಟ್ಟನ ಸಕ್ಕರೆಯೂ ಹೋಯಿತು. ಅತ್ತ ತೋಟಗಳಲ್ಲಿ ಸಾಂಕ್ರಾಮಿಕ ಜ್ವರ ಬಂದು ಗುಲಾಮರು ಸತ್ತರು. ಈ ಸಾವು ಹಳೆಯ ಪುಸ್ತಕಗಳಲ್ಲಿ ಬರುವುದು "ನಷ್ಟ"ದ ಪಟ್ಟಿಯಲ್ಲಿ, ಸಕ್ಕರೆಯ ಪಕ್ಕದಲ್ಲಿ. 1685ರ ಫ್ರೆಂಚ್ ಗುಲಾಮ ಕಾಯಿದೆಯಲ್ಲಿ ಅವರನ್ನು ಚರಾಸ್ತಿ ಎಂದೇ ಬರೆದಿದೆ. ಬೀರು, ಮೇಜು, ಮನುಷ್ಯ. ಚರಾಸ್ತಿಯ ಕಾಲಮ್ಮನ್ನು ಎಷ್ಟೋ ಸಾಲದ ಅರ್ಜಿಗಳಲ್ಲಿ ನಾನು ತುಂಬಿಸಿದ್ದೇನೆ. ಇದನ್ನು ಓದಿದ ಮೇಲೆ ಆ ಶಬ್ದ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ.

ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಲಿಯೊನ್ಸಿ ಸಹೋದರರು ಮತ್ತು ಗುಫ್ರ್ ಎಂಬ ವ್ಯಾಪಾರಿ ಸಂಸ್ಥೆ ಲಾವಾಲೆಟ್ಟನ ಹುಂಡಿಗಳನ್ನು ಒಪ್ಪಿಕೊಂಡು ಹಣ ಕೊಡುತ್ತಿತ್ತು. ಅವರು ಒಪ್ಪಿದ್ದ ಹುಂಡಿಗಳ ಮೊತ್ತ ಸುಮಾರು 15 ಲಕ್ಷ ಲೀವ್ರ್. ಸರಕು ಬರಲಿಲ್ಲ, ಹುಂಡಿಗಳು ಮಾತ್ರ ಬರುತ್ತಲೇ ಇದ್ದವು. 1756ರ ಫೆಬ್ರವರಿಯಲ್ಲಿ ಅವರು ಬಾಗಿಲು ಹಾಕಿದರು.

ಇದೇ ವರ್ಷ ನಮ್ಮ ಹೈದರಾಬಾದಿನಲ್ಲಿ ಏನು ನಡೆಯುತ್ತಿತ್ತು ನೋಡಿ. ಫ್ರೆಂಚ್ ಸೇನಾನಿ ಬುಸ್ಸಿ, ನಿಜಾಮ ಸಲಾಬತ್ ಜಂಗನ ಕೆಲಸದಿಂದ ತೆಗೆದುಹಾಕಿಸಿಕೊಂಡು, 1756ರ ಮಳೆಗಾಲದಲ್ಲಿ ಇಲ್ಲಿನ ಚಾರ್ ಮಹಲಿನಲ್ಲಿ ತನ್ನ ಪಡೆಯೊಂದಿಗೆ ಕೋಟೆ ಕಟ್ಟಿಕೊಂಡು ಕೂತಿದ್ದ. ಎರಡು ವರ್ಷ ಬಿಟ್ಟು, ಅದೇ ಯುದ್ಧದ ದೆಸೆಯಿಂದ, ಲ್ಯಾಲಿ ಅವನನ್ನು ಕರ್ನಾಟಿಕ್ ಕಡೆಗೆ ಕರೆಸಿಕೊಂಡ. ಹೈದರಾಬಾದಿನಲ್ಲಿ ಫ್ರೆಂಚರ ದರ್ಬಾರು ಅಲ್ಲಿಗೆ ಮುಗಿಯಿತು. ಮಾರ್ಟಿನಿಕ್ಕಿನ ಸಕ್ಕರೆ ಮುಳುಗಿಸಿದ ಸಮುದ್ರವೂ ಚಾರ್ ಮಹಲಿನ ಫ್ರೆಂಚರನ್ನು ಒಣಗಿಸಿದ ಸಮುದ್ರವೂ ಒಂದೇ.

ಈಗ ನನಗೆ ಈ ಕಥೆಯಲ್ಲಿ ಮುಖ್ಯ ಎನಿಸುವ ಭಾಗ. ಫೆಬ್ರವರಿ 1756ಕ್ಕೆ ಎಲ್ಲ ಬಯಲಾಗಿತ್ತು. ಹಾಗಿದ್ದರೆ ತನಿಖಾಧಿಕಾರಿ ಮಾರ್ಟಿನಿಕ್ಕಿಗೆ ತಲುಪಿದ್ದು ಯಾವಾಗ? 1762ರಲ್ಲಿ. ಆರು ವರ್ಷ! ರೋಮಿನಲ್ಲಿ ಕೂತ ಸಂಘದ ಮುಖ್ಯಸ್ಥರಿಗೆ ಜನರಲ್ ಎಂದು ಹೆಸರು. 1755ರಲ್ಲಿ ಒಬ್ಬ ಜನರಲ್ ತೀರಿಕೊಂಡರು, 1757ರಲ್ಲಿ ಇನ್ನೊಬ್ಬರು. 1758ರಲ್ಲಿ ಲೊರೆಂಜೊ ರಿಚ್ಚಿ ಬಂದರು. ಈ ನಡುವೆ ತನಿಖೆಗೆಂದು ನೇಮಿಸಿದವರಲ್ಲಿ ಒಬ್ಬರು ಕಾಲು ಮುರಿದುಕೊಂಡರು, ಒಬ್ಬರು ಸತ್ತರು, ಒಬ್ಬರನ್ನು ಸಮುದ್ರದಲ್ಲಿ ಶತ್ರುಗಳು ಸೆರೆಹಿಡಿದರು. ಸಿನಿಮಾದಲ್ಲಿ ತೋರಿಸಿದರೆ ಯಾರೂ ನಂಬುವುದಿಲ್ಲ. ಆ ಆರು ವರ್ಷವೂ ಲಾವಾಲೆಟ್ ಕುರ್ಚಿಯಲ್ಲೇ ಇದ್ದ, ಹಳೆಯ ಸಾಲ ಮುಚ್ಚಲು ಹೊಸ ಸಾಲ ಮಾಡುತ್ತ, ಹೊಸ ಹಡಗು ಕಳಿಸುತ್ತ. ಕೊನೆಗೆ ಫಾದರ್ ದ ಲಾ ಮಾರ್ಷ್ ತಲುಪಿದಾಗ ಮಾರ್ಟಿನಿಕ್ಕನ್ನು ಬ್ರಿಟಿಷರು ಗೆದ್ದುಕೊಂಡಿದ್ದರು, ಅವರ ರಹದಾರಿ ಪಡೆದೇ ಹೋಗಬೇಕಾಯಿತು. ವ್ಯಾಪಾರ ಮಾಡಿದ್ದು ನಿಜ ಎಂದು ತೀರ್ಪಾಯಿತು. ಲಾವಾಲೆಟ್ ಒಪ್ಪಿಕೊಂಡ, ಮೇಲಿನವರು ಯಾರೂ ಇದಕ್ಕೆ ಅನುಮತಿ ಕೊಟ್ಟಿರಲಿಲ್ಲ ಎಂದು ಬರೆದುಕೊಟ್ಟ, ಇಂಗ್ಲೆಂಡಿಗೆ ಹೋದ. ಸಂಘ ಅವನನ್ನು ಹೊರಹಾಕಿತು. 1767ರಲ್ಲಿ ತುಲೂಸಿನಲ್ಲಿ ಸತ್ತ.

ಆ ಆರು ವರ್ಷದ ಬಗ್ಗೆ ನಗಲು ನನಗೆ ಅಷ್ಟು ಅಧಿಕಾರವಿಲ್ಲ. ತೊಂಬತ್ತರ ದಶಕದ ಕೊನೆಗೆ ನಾನು ಒಂದು ಶಾಖೆಯಲ್ಲಿ ಅಡ್ವಾನ್ಸಸ್ ನೋಡಿಕೊಳ್ಳುತ್ತಿದ್ದೆ. ಊರು, ಹೆಸರು ಬೇಡ. ಒಂದು ಧಾರ್ಮಿಕ ಟ್ರಸ್ಟು, ಅದರದ್ದೊಂದು ಶಾಲೆ, ಒಂದು ಹಾಸ್ಟೆಲು, ಒಂದು ಕಲ್ಯಾಣ ಮಂಟಪ. ಮೂರಕ್ಕೂ ನಮ್ಮಲ್ಲೇ ಖಾತೆ. ಶಾಲೆಯ ಕಟ್ಟಡಕ್ಕೆ ಎಂದು ತೆಗೆದ ಸಾಲ ಮಂಟಪದ ಖಾತೆಗೆ ಹೋಗುತ್ತಿತ್ತು, ಮಂಟಪದ ದುಡ್ಡು ಶಾಲೆಯ ಕಂತು ಕಟ್ಟುತ್ತಿತ್ತು. ಕಣ್ಣಿಗೆ ಕಾಣುತ್ತಿತ್ತು. ಟ್ರಸ್ಟಿನ ಹಿರಿಯರು ಬ್ಯಾಂಕಿಗೆ ಬಂದರೆ ಮ್ಯಾನೇಜರರೇ ಎದ್ದು ನಿಲ್ಲುತ್ತಿದ್ದರು. ಆಡಿಟ್ ಆದ ಲೆಕ್ಕ ಪ್ರತ್ಯೇಕವಾಗಿ ಕೊಡಿ ಎಂದು ಎರಡು ಸಲ ಬಾಯಿಮಾತಿನಲ್ಲಿ ಕೇಳಿದೆ. ಪ್ರಸಾದ ಬಂತು, ಲೆಕ್ಕ ಬರಲಿಲ್ಲ. ರಿನ್ಯೂವಲ್ ನೋಟಿನಲ್ಲಿ "ಪ್ರತಿಷ್ಠಿತ ಸಂಸ್ಥೆ" ಎಂದು ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ಖಾತೆ ಕೆಟ್ಟದ್ದು ನಾನು ವರ್ಗವಾದ ಮೇಲೆ. ಬ್ಯಾಂಕಿನ ದುಡ್ಡು ಹೇಗೋ ಬಂತು, ಅಡಮಾನ ಇತ್ತು. ಆ ಶಾಲೆಯ ಮೇಡಂ ಒಬ್ಬರು, ಎಂಟು ತಿಂಗಳು ಸಂಬಳವಿಲ್ಲದೆ, ಮಗಳ ಮದುವೆಗೆಂದು ಇಟ್ಟಿದ್ದ ಎಫ್‌ಡಿ ಮುರಿಸಲು ಕೌಂಟರಿಗೆ ಬಂದಿದ್ದರಂತೆ. ಹಳೆಯ ಸಹೋದ್ಯೋಗಿ ಫೋನಿನಲ್ಲಿ ಹೇಳಿದ. ಆ ಮೇಡಂ ನನಗೆ ಪರಿಚಯ, ನನ್ನ ಮಗನಿಗೂ ಪಾಠ ಹೇಳಿದವರು.

ಇರಲಿ. ಫ್ರಾನ್ಸಿಗೆ ಹೋಗೋಣ.

ಸಾಲಗಾರರು ಕೋರ್ಟಿಗೆ ಹೋದರು. ಮೊದಲು ನಾಂತ್ ಬಂದರಿನ ಗ್ರೂ ಎಂಬ ವ್ಯಾಪಾರಿ ಮನೆತನದ ವಿಧವೆ ಮತ್ತು ಆಕೆಯ ಮಗ. 1760ರ ಜನವರಿಯಲ್ಲಿ ಪ್ಯಾರಿಸ್ಸಿನ ವ್ಯಾಪಾರಿ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಆ ತೀರ್ಪಿನ ಪ್ರಕಾರ ಸಾಲ ಬರೀ ಮಾರ್ಟಿನಿಕ್ ಮಿಷನ್ನಿನದಲ್ಲ, ಫ್ರಾನ್ಸಿನ ಇಡೀ ಜೆಸ್ವಿಟ್ ಸಂಘದ್ದು. ಕೆಲವೇ ತಿಂಗಳಲ್ಲಿ ಮಾರ್ಸೇಲ್ಸಿನಲ್ಲೂ ಅದೇ ತೀರ್ಪು ಬಂತು, ಅಲ್ಲಿ ಕೇಸು ಹಾಕಿದ್ದವರು ಲಿಯೊನ್ಸಿ ಕಡೆಯವರು.

ಜೆಸ್ವಿಟರು ಮೇಲ್ಮನವಿ ಹಾಕಿದರು. ಅವರಿಗೆ ರಾಜನ ಕೌನ್ಸಿಲಿಗೆ ಹೋಗುವ ವಿಶೇಷ ಹಕ್ಕಿತ್ತು. ಅದನ್ನು ಬಿಟ್ಟು ಪ್ಯಾರಿಸ್ಸಿನ ಪಾರ್ಲಮೆಂಟಿಗೆ ಹೋದರು. ಹೆಸರು ಪಾರ್ಲಮೆಂಟ್ ಆದರೂ ಅದು ಶಾಸನಸಭೆಯಲ್ಲ, ಹೈಕೋರ್ಟು. ಅಲ್ಲಿನ ನ್ಯಾಯಾಧೀಶರಲ್ಲಿ ಅನೇಕರು ಜಾನ್ಸೆನಿಸ್ಟ್ ಪಂಥದ ಕಡೆಯವರು, ಜೆಸ್ವಿಟರ ಹಳೆಯ ವೈರಿಗಳು. ಯಾಕೆ ಅಲ್ಲಿಗೇ ಹೋದರು? ನ್ಯಾಯ ನಮ್ಮ ಕಡೆ ಇದೆ ಎಂಬ ಧೈರ್ಯ. ಅವರ ವಾದ ದುರ್ಬಲವಾಗೇನೂ ಇರಲಿಲ್ಲ: ನಮ್ಮ ನಿಯಮದ ಪ್ರಕಾರ ಪ್ರತಿ ಕಾಲೇಜಿನ ಆಸ್ತಿ ಆ ಕಾಲೇಜಿನದು, ಒಂದರ ದತ್ತಿ ಇನ್ನೊಂದಕ್ಕೆ ಬಳಸುವಂತಿಲ್ಲ, ಮಾರ್ಟಿನಿಕ್ಕಿನ ಸಾಲಕ್ಕೆ ಪ್ಯಾರಿಸ್ಸಿನ ಕಾಲೇಜು ಹೊಣೆಯಲ್ಲ. ನಮ್ಮ ಕಂಪನಿ ಕಾನೂನಿನ ಭಾಷೆಯಲ್ಲಿ ಹೇಳಿದರೆ ಪ್ರತಿಯೊಂದೂ ಪ್ರತ್ಯೇಕ ಲೀಗಲ್ ಎಂಟಿಟಿ. ಬಿಕಾಂ ಎರಡನೇ ವರ್ಷದಲ್ಲಿ ನಾವೂ ಬಾಯಿಪಾಠ ಮಾಡಿದ ತತ್ವವೇ.

ಸಾಲಗಾರರ ವಕೀಲರು ಕೇಳಿದ್ದು ಒಂದೇ ಪ್ರಶ್ನೆ. ಮಾರ್ಟಿನಿಕ್ಕಿನ ಮುಖ್ಯಸ್ಥನನ್ನು ನೇಮಿಸಿದ್ದು ಯಾರು? ಜನರಲ್. ತೆಗೆಯುವ ಅಧಿಕಾರ ಯಾರದು? ಜನರಲ್ಲರದು. ಒಪ್ಪಂದ ಮಾಡುವ, ಮುರಿಯುವ ಅಧಿಕಾರ? ಅದೂ ಜನರಲ್ಲರದೇ. ಎಲ್ಲ ಅಧಿಕಾರ ಒಬ್ಬನದಾದರೆ ಸಾಲವೂ ಅವನದೇ ಅಲ್ಲವೇ? ಅಧಿಕಾರದ ಮಾತು ಬಂದಾಗ ನಾವೆಲ್ಲ ಒಂದೇ ದೇಹ, ಸಾಲದ ಮಾತು ಬಂದಾಗ ನಾವು ಬೇರೆ ಬೇರೆ ಎಂದರೆ ಹೇಗೆ?

ವಾದವನ್ನು ತೀರ್ಮಾನಿಸಲು ಸಂಘದ ನಿಯಮಾವಳಿಯನ್ನೇ ನೋಡಬೇಕಾಯಿತು. 1761ರ ಏಪ್ರಿಲಿನಲ್ಲಿ ನ್ಯಾಯಾಧೀಶ ಅಬ್ಬೆ ಶೋವ್‌ಲ್ಯಾಂ, ಆ ಪುಸ್ತಕವನ್ನು ಕೋರ್ಟಿಗೆ ತಂದು ಒಪ್ಪಿಸಿ ಎಂದು ಒತ್ತಾಯಿಸಿದ. ತಂದುಕೊಟ್ಟರು. ಆಸ್ತಿ ಬೇರೆ ಬೇರೆ ಎಂದು ತೋರಿಸಲು ತಂದ ಪುಸ್ತಕ, ವಿಧೇಯತೆಯ ಪುಸ್ತಕವಾಗಿ ಓದಿಸಿಕೊಂಡಿತು. ರೋಮಿನಲ್ಲಿ ಕೂತ ಪರದೇಶಿಯೊಬ್ಬನಿಗೆ ಇಷ್ಟು ವಿಧೇಯರಾಗಿರುವವರು ಫ್ರಾನ್ಸಿನ ರಾಜನಿಗೆ ಹೇಗೆ ನಿಷ್ಠರಾಗಿರುತ್ತಾರೆ ಎಂದು ಜನ ಕೇಳತೊಡಗಿದರು. ಸಾಲದ ಕೇಸು ಸಂಘದ ಅಸ್ತಿತ್ವದ ಕೇಸಾಯಿತು.

1761ರ ಮೇ 8ರಂದು ತೀರ್ಪು. ಲಿಯೊನ್ಸಿ ಕಡೆಯವರಿಗೆ 15,02,266 ಲೀವ್ರ್ ಸಾಲ, ಮೇಲೆ 50,000 ಲೀವ್ರ್ ಪರಿಹಾರ, ಇಡೀ ಸಂಘ ಹೊಣೆ. ಅಂಗಡಿ ಬೀದಿಗಳಲ್ಲಿ ಜನ ಕುಣಿದಾಡಿದರಂತೆ. 1762ರ ಏಪ್ರಿಲ್ 1ಕ್ಕೆ ಪ್ಯಾರಿಸ್ ಸೀಮೆಯ ಕಾಲೇಜುಗಳ ಬಾಗಿಲು ಮುಚ್ಚಿತು. ಆಗಸ್ಟ್ 6ಕ್ಕೆ ಅದೇ ಕೋರ್ಟು ಸಂಘವನ್ನೇ ರದ್ದು ಮಾಡಿತು. 1764ರ ನವೆಂಬರಿನಲ್ಲಿ ರಾಜನ ಮುದ್ರೆಯೂ ಬಿತ್ತು.

ಇಷ್ಟಕ್ಕೂ ಲಾವಾಲೆಟ್ ಒಬ್ಬನೇ ಕಾರಣ ಎಂದರೆ ತಪ್ಪಾಗುತ್ತದೆ. ಪೋರ್ಚುಗಲ್ಲಿನ ಮಂತ್ರಿ ಪೊಂಬಾಲ್ 1759ರಲ್ಲೇ ಜೆಸ್ವಿಟರನ್ನು ಓಡಿಸಿದ್ದ, ಅದಕ್ಕೂ ಸಕ್ಕರೆಗೂ ಸಂಬಂಧವಿಲ್ಲ. ಫ್ರಾನ್ಸಿನಲ್ಲೂ ಕಟ್ಟಿಗೆ ನೂರು ವರ್ಷದಿಂದ ಒಣಗಿತ್ತು. ಆದರೆ ದ್ವೇಷ ಇದ್ದ ಮಾತ್ರಕ್ಕೆ ಕೋರ್ಟಿನಲ್ಲಿ ಕೇಸು ನಿಲ್ಲುವುದಿಲ್ಲ, ಒಂದು ಬಾಕಿ ಹುಂಡಿ ಬೇಕು. ಅದನ್ನು ಒದಗಿಸಿದವನು ಲಾವಾಲೆಟ್. ಆರು ವರ್ಷ ಮೇಲಿನವರು ಸುಮ್ಮನಿದ್ದದ್ದು ಉಳಿದದ್ದನ್ನು ಒದಗಿಸಿತು. ಎಲ್ಲ ಪ್ರಾಂತಗಳೂ ಸೇರಿ ಸಾಲ ತೀರಿಸಿಬಿಡಬೇಕಿತ್ತು ಎಂದು ಇತಿಹಾಸಕಾರರು ಬರೆಯುತ್ತಾರೆ. ಒಬ್ಬ ಬ್ಯಾಂಕಿನವನಾಗಿ ನನ್ನದೂ ಅದೇ ಮಾತು. ಇಷ್ಟು ದೊಡ್ಡ ಸಂಸ್ಥೆಗೆ 15 ಲಕ್ಷ ಲೀವ್ರ್ ತೀರಿಸಲಾಗದ ಹೊರೆಯಾಗಿರಲಿಲ್ಲ. ತೀರಿಸಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂಬ ಅಂಜಿಕೆ ಇತ್ತು. ಒಂದು ರಾಜಿಯಲ್ಲಿ ಮುಗಿಯಬೇಕಾದ ಕೇಸು ಕಾಲೇಜುಗಳನ್ನೇ ನುಂಗಿತು. ಊರೂರಿನ ಹುಡುಗರು ನಡುವರ್ಷದಲ್ಲಿ ಮೇಷ್ಟರಿಲ್ಲದೆ ಉಳಿದರು. ಸಾವಿರಾರು ಪಾದ್ರಿಗಳು ನಿಲುವಂಗಿ ಕಳಚಿ ನೆಲೆ ಹುಡುಕಬೇಕಾಯಿತು, ಅವರಲ್ಲಿ ಹೆಚ್ಚಿನವರು ಮಾರ್ಟಿನಿಕ್ಕನ್ನು ಭೂಪಟದಲ್ಲಷ್ಟೇ ನೋಡಿದ್ದವರು.

1767ರಲ್ಲಿ ಸ್ಪೇನ್ ಓಡಿಸಿತು. 1773ರ ಜುಲೈ 21ರಂದು ಪೋಪ್ ಹದಿನಾಲ್ಕನೆಯ ಕ್ಲೆಮೆಂಟ್ ಜಗತ್ತಿನಾದ್ಯಂತ ಸಂಘವನ್ನು ವಿಸರ್ಜಿಸಿದರು. ಜನರಲ್ ರಿಚ್ಚಿಯನ್ನು ರೋಮಿನ ಸಾಂತ್ ಆಂಜೆಲೊ ಕೋಟೆಯಲ್ಲಿ ಸೆರೆಯಿಟ್ಟು, ದುಡ್ಡು ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಮತ್ತೆ ಮತ್ತೆ ಕೇಳಿದರು. ಬಚ್ಚಿಟ್ಟ ದುಡ್ಡು ಸಿಗಲಿಲ್ಲ. 1775ರಲ್ಲಿ ಅಲ್ಲೇ ಸತ್ತರು.

ಈಗ ಗೆಳೆಯರ ಪ್ರಶ್ನೆಗೆ ಬರೋಣ. ಮೈಸೂರಿನ ಮಿಷನ್ ಗೋವಾದ ಪೋರ್ಚುಗೀಸ್ ಆಶ್ರಯದ್ದು, ಪೊಂಬಾಲನ ಏಟಿಗೆ ಅದರ ಬೇರು ಮೊದಲೇ ಕಡಿದಿತ್ತು. ಪಾಂಡಿಚೇರಿಯ ಮಿಷನ್ ಫ್ರೆಂಚ್ ಜೆಸ್ವಿಟರದು, 1773ರ ಆಜ್ಞೆಯ ನಂತರ ಅದೂ ಹೋಯಿತು. 1776ರಲ್ಲಿ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘ ಎಂಬ ಬೇರೆ ಸಂಸ್ಥೆಗೆ ಆ ಕೆಲಸ ಒಪ್ಪಿಸಿದರು. ಒಂದು ಬ್ಯಾಂಕು ಮುಳುಗಿ ಅದರ ಶಾಖೆಗಳನ್ನು ಇನ್ನೊಂದು ಬ್ಯಾಂಕಿಗೆ ಸೇರಿಸಿದ ಹಾಗೆ. ಆ ಹೊಸ ಸಂಸ್ಥೆಯ ಪಾದ್ರಿಯಾಗಿ, ಫ್ರೆಂಚ್ ಕ್ರಾಂತಿಯ ಗಲಾಟೆಯ ನಡುವೆ, 1792ರಲ್ಲಿ ಇಂಡಿಯಾಕ್ಕೆ ಬಂದವರು ಅಬ್ಬೆ ದುಬಾಯ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು. ಬಿಳಿ ಬಟ್ಟೆ, ಸಸ್ಯಾಹಾರ, ನೆಲದ ಮೇಲೆ ಊಟ. 1803-04ರಲ್ಲಿ ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಚುಚ್ಚಿಸಿದರು. ನಮ್ಮ ಹಾಸನದ ಕಡೆ ಕ್ರೈಸ್ತ ರೈತರಿಗೆ ಹಳ್ಳಿ ನೆಲೆಗೊಳಿಸಿದರು. ನಮ್ಮ ಜನ ದೊಡ್ಡ ಸ್ವಾಮಿಯವರು ಎಂದದ್ದು ಸುಮ್ಮನೆ ಅಲ್ಲ.

ಅವರಿಗೆ ಹೆಸರು ತಂದದ್ದು ಹಿಂದೂಗಳ ಆಚಾರ ವಿಚಾರ, ಸಂಪ್ರದಾಯಗಳ ಬಗ್ಗೆ ಬರೆದ ದಪ್ಪ ಪುಸ್ತಕ. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದರಾಸಿಗೆ ಕಳಿಸಿದ, 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹಸ್ತಪ್ರತಿಯನ್ನು 2,000 ಪಗೋಡ ಕೊಟ್ಟು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನೂರೆಪ್ಪತ್ತು ವರ್ಷ ಎಲ್ಲರೂ ಅದನ್ನು ದುಬಾಯ್ ಕಣ್ಣಾರೆ ಕಂಡು ಬರೆದದ್ದು ಎಂದೇ ಓದಿದರು. 1987ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ಹಳೆಯ ಕಾಗದಗಳನ್ನು ಹೋಲಿಸಿ ತೋರಿಸಿದರು. ಆ ಪುಸ್ತಕದ ದೊಡ್ಡ ಭಾಗ ಪಾಂಡಿಚೇರಿ ಮಿಷನ್ನಿನ ಗಾಸ್ತೋಂ ಕೂರ್ದೂ ಎಂಬ ಪಾದ್ರಿಯ ಬರಹವಂತೆ. ಕೂರ್ದೂ ಜೆಸ್ವಿಟ್. ಸಂಘ ರದ್ದಾದ ಮೇಲೂ ಇಲ್ಲೇ ಉಳಿದು 1779ರಲ್ಲಿ ತೀರಿಕೊಂಡವರು.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಶಿರಾಡಿ ಘಾಟಿನ ಮೊದಲ ತಿರುವು ಬಂದಿತ್ತು. ಗೆಳೆಯರು ಗೇರ್ ಬದಲಿಸಿದರು.

"ಹಾಗಾದ್ರೆ ಆ ಎರಡು ಸಾವಿರ ಪಗೋಡ ನಮ್ಮ ಜೆಸ್ವಿಟರದ್ದು ಮಾರಾಯ್ರೆ."

"ಲಿಯೊನ್ಸಿಯವರ ಕೇಸು ನಿಮ್ಮ ಮೇಲಿದೆ. ಮೊದಲು ಅದು ನೋಡಿ" ಎಂದೆ.